ಬಿಸಿಯಾಗುತ್ತೆ, ಹೆದರಬೇಡ

ಬಿಳಿಪುಡಿಗೆ ನೀರು ಬಿದ್ದರೆ ಬಿಸಿಯಾಗುತ್ತದೆ.
ಹನ್ನೊಂದು ವರ್ಷದಿಂದ ಈ ಕೈ ಬಲ್ಲ ಸಂಗತಿ:
ಹೆಬ್ಬಾಳದ, ರಾಜಾಜಿನಗರದ, ಯಾರ್ಯಾರದೋ ಮನೆಯ
ಸೂರಿನಡಿ ಇನ್ನೊಂದು ಸೂರು ಕೂರಿಸುತ್ತ,
ಅಂಚು, ಬಳ್ಳಿ, ಫ್ಯಾನಿನ ಸುತ್ತ ಕಮಲ.
ಇಪ್ಪತ್ತು ನಿಮಿಷ. ಆಮೇಲೆ ಕಲ್ಲು.

ಅದೇ ಪುಡಿ, ಬಟ್ಟೆಯ ಸುರುಳಿಯೊಳಗೆ.
ಆಸ್ಪತ್ರೆಯ ಹುಡುಗ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ,
ನನ್ನ ಮಗಳ ತೊಡೆಯಿಂದ ಬೆರಳ ತನಕ ಸುತ್ತಿದ.
ಬಿಸಿಯಾಗುತ್ತೆ, ಹೆದರಬೇಡ ಪುಟ್ಟಿ, ಅಂದೆ
ಅವನಿಗಿಂತ ಮೊದಲೇ.
ಅವನು ತಲೆಯೆತ್ತಿ ನನ್ನ ಉಗುರಸಂದಿಯ ಬಿಳಿ ನೋಡಿದ.
ಏನೂ ಕೇಳಲಿಲ್ಲ.

ಕೇಳಿದ್ದು ಡಾಕ್ಟರು. ಹೇಗಾಯ್ತು?
ಲಗ್ಗೆರೆ ಪಾರ್ಕು ಸಾರ್. ಜಾರುಬಂಡೆ.
ಒಬ್ಬಳೇ ಜಾರಿದರೆ ಬಿದ್ದಾಳೆಂದು
ತೊಡೆಯ ಮೇಲೆ ಕೂರಿಸಿಕೊಂಡೆ, ಬಿಗಿಯಾಗಿ ಅಪ್ಪಿದೆ.
ಅವಳ ಷೂ ತಗಡಿನ ಅಂಚಿಗೆ ಕಚ್ಚಿ ನಿಂತಿತು.
ನಾನು ನಿಲ್ಲಲಿಲ್ಲ.
ಎಪ್ಪತ್ತೆರಡು ಕೆಜಿ.
"ವಾರಕ್ಕೆರಡು ಇಂಥವು ಬರ್ತವೆ.
ಒಬ್ಬಳೇ ಜಾರಿದ್ರೆ ಏನೂ ಆಗ್ತಿರ್ಲಿಲ್ಲ"
ಅಂದರು, ಸಮಾಧಾನಕ್ಕೆಂದೇ.

ನೇತ್ರಾಳ ಗಾರ್ಮೆಂಟ್ಸಿನಲ್ಲಿ ರಜೆಯಿಲ್ಲ.
ನನ್ನದು ದಿನಗೂಲಿ, ಹೋಗದಿದ್ದರೆ ಕೇಳುವವರಿಲ್ಲ.
ಹೀಗೆ ನಾಲ್ಕು ವಾರ ನಾನೇ.
ಡೈಪರಿನ ಅಂಚು ತಾಗದಂತೆ ಒಳಗೆ ಮಡಿಸುವುದು,
ಹಾಲಿನ ಕವರು ಸೀಳಿ ಕಟ್ಟಿ ಮೈಯೊರೆಸುವುದು,
ರಾತ್ರಿ ಮೂರಕ್ಕೆ, ಇಲ್ಲಿ ಇಲ್ಲಿ ಎಂದು
ಅವಳು ಪ್ಲಾಸ್ಟರು ಗುದ್ದಿ ಅತ್ತರೆ
ರಟ್ಟು ಬೀಸಿ ಅದರ ಬಾಯಿಗೆ ಗಾಳಿ ಕೊಡುವುದು.
ಒಳಗೆ ಬೆರಳು ಹೋಗದು.
ನಾನು ಬಲ್ಲ ಸಾಮಾನೇ
ನನಗೆ ಬಾಗಿಲು ಹಾಕಿಕೊಂಡಿತ್ತು.

ಕೆಳಮನೆಯ ಜಯಶೀಲಮ್ಮ ಬಂದರು:
ಪುತ್ತೂರು ಕಟ್ಟು ಕಟ್ಟಿಸಬೇಕಿತ್ತು ಕಣಪ್ಪ,
ರಾಗಿ ಸರಿ ಕೊಡು, ಮೊಟ್ಟೆ ಕೊಡು,
ಯಾರ ಕಣ್ಣೋ ಏನೋ ಎಂದು
ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ
ಕೆಂಡವೆಲ್ಲಿಂದ ಬರಬೇಕು, ಗ್ಯಾಸಿನ ಉರಿಗೇ ಹಾಕಿದರು.
ಮನೆ ತುಂಬ ಘಾಟು. ನಾವು ಕೆಮ್ಮಿದೆವು, ಸೀನಿದೆವು,
ಅದನ್ನು ನೋಡಿ ಮಗು ನಕ್ಕಿತು,
ಬಿದ್ದ ಮೇಲೆ ಮೊದಲ ಸಲ.
ನನ್ನ ಎಪ್ಪತ್ತೆರಡು ಕೆಜಿ ಗೋಡೆಗೊರಗಿ ಸುಮ್ಮನಿತ್ತು.

ಎರಡನೇ ವಾರ ಕೂತಲ್ಲೇ ತೆವಳುವುದು ಕಲಿತಳು,
ಬಿಳಿಕಾಲು ಮುಂದೆ ಚಾಚಿ ಟೈಲ್ಸಿನ ಮೇಲೆ ಗರಗರ,
ಪೊರಕೆಯ ತನಕ, ನೀರಿನ ಡ್ರಮ್ಮಿನ ತನಕ.
ಮಲಗುವಾಗ ಅದಕ್ಕೆ ಬೇರೆ ಹೊದಿಕೆ.
ಉಣ್ಣುವಾಗ ಅದಕ್ಕೂ ಒಂದು ತುತ್ತು:
ಕಾಲು, ಆ ಮಾಡು.

ಗರಗಸ ಕೊಯ್ದಿತು. ಎರಡು ಹೋಳು ಬಕೆಟ್ಟಿಗೆ ಬಿದ್ದವು.
ಉಳಿದದ್ದು ಸಣಕಲು, ಹೊಟ್ಟೆದ್ದ, ಬಿಸಿಲು ಕಾಣದ ಒಂದು ಕಾಲು.
ಜೀವಿಕ ಅದನ್ನು ನೋಡಿದಳು. ಬಕೆಟ್ಟು ನೋಡಿದಳು.
"ನನ್ ಕಾಲು ಕೊಡೂ" ಎಂದು
ಸಾಲಿನಲ್ಲಿದ್ದವರೆಲ್ಲ ತಿರುಗುವಂತೆ ಕಿರುಚಿದಳು.
ಮಾನ ಬಿಟ್ಟು ಬಕೆಟ್ಟಿಗೆ ಕೈ ಹಾಕಿದೆ.
ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಗು,
ಮಗುವಿನ ತೊಡೆಯ ಮೇಲೆ ಕಾಲು.
ಇದಕ್ಕೂ ಟಿಕೆಟ್ಟಾ, ಅಂದ ಕಂಡಕ್ಟರು.

ಒಂಬತ್ತು ದಿನ ಬರೀ ಎತ್ಕೋ.
ನಿಲ್ಲಿಸಿದರೆ ಕೊಕ್ಕರೆಯಂತೆ ಮಡಚಿಕೊಳ್ಳುವಳು.
ಹತ್ತನೇ ದಿನ ನೀರು ಬಿಟ್ಟಿದ್ದರು,
ಡ್ರಮ್ಮಿಗೆ ಪೈಪು ಹಿಡಿದಿದ್ದೆ.
ಹಿಂದೆ ಗರಗರ.
ಅಮ್ಮ ಕಟ್ಟಿಕೊಟ್ಟ ದಾರ ಹಿಡಿದು
ಪ್ಲಾಸ್ಟರಿನ ಹೋಳನ್ನು ಗಾಡಿಯಂತೆ ಎಳೆದು ತರುತ್ತಿದ್ದಾಳೆ,
ಅದರಲ್ಲಿ ಒಂದು ಚಮಚ, ಮೂರು ಬಟ್ಟೆ ಕ್ಲಿಪ್ಪು.
ಕುಂಟುತ್ತ. ನಿಂತು. ಕುಂಟುತ್ತ.
ನನ್ನ ಕೈ ತಾನಾಗಿ ಚಾಚಿತು.
ಎಳೆದುಕೊಂಡು ಪೈಪಿಗೆ ಕೊಟ್ಟೆ.
ಡ್ರಮ್ಮು ತುಂಬಿ, ಚೆಲ್ಲಿ,
ಅವಳ ಎರಡೂ ಪಾದ ಒದ್ದೆ.

ಇವತ್ತು ಯಶವಂತಪುರ, ಹದಿನಾಲ್ಕನೇ ಮಹಡಿ.
ಮೂಲೆಗೆ ಅಂಚು ಕೂರಿಸಿ, ಅಂಗೈ ಒತ್ತಿ,
ಸೆಟ್ಟಾಗಲಿ ಎಂದು ಕಾಯುವಾಗ
ಬಾಯಿಂದ ಬಂದುಬಿಟ್ಟಿತು:
ಬಿಸಿಯಾಗುತ್ತೆ, ಹೆದರಬೇಡ.
ಕೆಳಗೆ ಪುಡಿ ಕಲೆಸುತ್ತಿದ್ದ ಬಿಹಾರದ ಹುಡುಗ
ಕ್ಯಾ ಅಣ್ಣಾ? ಅಂದ.
ಏನಿಲ್ಲ ಅಂದೆ.
ಇನ್ನೂ ಸ್ವಲ್ಪ ತೆಳ್ಳಗೆ ಕಲೆಸು.