ಹತ್ತು ತೆತ್ರಿ

ನಿನ್ನೆ ರಾತ್ರಿ ಮೂರೂ ನಲವತ್ತಕ್ಕೆ ಮುಗಿಯಿತು.
ನಾನೂರ ಹನ್ನೆರಡನೇ ಪುಟದಲ್ಲಿ
ದರೆಜಾನ್ ಬಾಗಿಲು ಹಾಕಿಕೊಂಡಳು,
ನಾನು ಪೆನ್ನಿನ ಮುಚ್ಚಳ ಹುಡುಕಿದೆ, ಸಿಗಲಿಲ್ಲ.

ಆಮೇಲೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.
ತಳಹಿಡಿದ ಕಾಳಿನ ಪಾತ್ರೆ ನೆನೆಹಾಕಿದ್ದು ಕಂಡಿತು,
ತಿಕ್ಕಿದೆ.
ಟಿಬಿಲಿಸಿಯ ಅಂಚಿನ ಈ ಗ್ಲದಾನಿಯಲ್ಲಿ
ಹದಿನಾರು ಮಹಡಿಗಳೂ ಮಲಗಿದ್ದವು.
ಎದುರು ಬ್ಲಾಕಿನಲ್ಲಿ ಒಂದೇ ಒಂದು ಕಿಟಕಿ, ನೀಲಿ, ಟೀವಿಯದು.
ಅಳು ಬರುತ್ತದೆಂದು ಕಾದೆ. ಆಕಳಿಕೆ ಬಂತು.

ಬೆಳಿಗ್ಗೆ ಲಿಫ್ಟ್ ರಿಪೇರಿಗೆ ಬಂದ ಮುರ್ಮಾನ್‌ಗೆ ಹೇಳಿದೆ,
ಬೇರೆ ಯಾರಿಗೆ ಹೇಳಲಿ,
ಏಳು ವರ್ಷ ಬರೆದೆ, ಒಂದು ಕಾದಂಬರಿ, ಮುಗಿಯಿತು.
ಗ್ರೀಸು ಮೆತ್ತಿದ ಕೈ ಮೊಣಕಾಲಿಗೆ ಒರೆಸಿ
"ಸಾಯುತ್ತಾರಾ ಯಾರಾದರೂ?" ಅಂದ.
ಏಳು ಜನ, ಅಂದೆ.
"ಹಾಗಾದರೆ ಪರವಾಗಿಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ.
ನನ್ನದು ಹೆಗ್ಗಣವೇ ಹೌದು, ಬಾಲವೇ ಅರ್ಧ.
ನಾಲ್ಕು ತಲೆಮಾರು, ಒಂದು ಆಕ್ರೋಟಿನ ಮರ,
ಮದುವೆಯಾದ ಮೇಲೆ ಬಸಿರು, ಬಸಿರಾದ ಮೇಲೆ ಬಾಣಂತನ,
ಯುದ್ಧವಾದ ಮೇಲೆ ಕಾಗದ,
ಎಲ್ಲ ತೊಂಬತ್ತೆರಡರ ಚಳಿಯಲ್ಲಿ ಬ್ರೆಡ್ಡಿಗೆ ನಿಂತ ಹಾಗೆ,
ಒಬ್ಬರ ಬೆನ್ನಿಗೆ ಒಬ್ಬರು, ನಡುವೆ ಯಾರೂ ನುಗ್ಗುವಂತಿಲ್ಲ.
ಮುದ್ದು ಮಾಡಲು ಇನ್ನೂ ಧೈರ್ಯವಿಲ್ಲ.
ದಿಂಬಿನ ಚೀಲದಲ್ಲಿ ಸುತ್ತಿ ಕೆಟ್ಟ ಓವನ್ನಿನೊಳಗೆ ಇಟ್ಟಿದ್ದೇನೆ.
ಮನೆಗೆಲ್ಲ ಬೆಂಕಿ ಬಿದ್ದರೂ ಅಲ್ಲೊಂದು ಬೀಳಲಾರದು.

ನನ್ನ ಕೆಲಸ ಲಿಫ್ಟಿನ ಡಬ್ಬಿ ಬಿಚ್ಚಿ ಚಿಲ್ಲರೆ ಎಣಿಸುವುದು.
ಹತ್ತಲು ಹತ್ತು ತೆತ್ರಿ, ಇಳಿಯಲು ಬಿಟ್ಟಿ.
ಹೋದ ಶನಿವಾರ ಡಬ್ಬಿಯಲ್ಲಿ ನಾಣ್ಯದ ಜೊತೆ
ಒಂದು ಕೋಟಿನ ಗುಂಡಿ, ಟರ್ಕಿಯ ಸವೆದ ಬಿಲ್ಲೆ,
ಮತ್ತೆ ಮಡಿಸಿದ ಚೀಟಿ: "ನಾಳೆ ಕೊಡುತ್ತೇನೆ. ಒಂಬತ್ತನೇ ಮಹಡಿ."
ಯಾರು ಎಂದಿಲ್ಲ. ಒಂಬತ್ತರಲ್ಲಿ ನಾಲ್ಕು ಮನೆ.

ಆ ಚೀಟಿಯೇ ಶುರು ಮಾಡಿದ್ದು.
ಇನ್ನೊಂದು ಬರೆದರೆ
ಪುಸ್ತಕವೇ ಬೇಡ. ಲಿಫ್ಟಿನ ಗೋಡೆಗೆ ದಿನಕ್ಕೊಂದು ಹಾಳೆ.
ಮೂರನೇ ಮಹಡಿಯ ಸಿಯಾಲಾಗೆ ಎರಡು ಸಾಲು ಓದುವಷ್ಟು ಹೊತ್ತು,
ಹದಿನಾರರ ವಾಝಾನಿಗೆ ಇಡೀ ಪುಟ.
ಗಂಡ ಸತ್ತದ್ದು ಅವನಿಗೆ ಗೊತ್ತು, ಇವಳಿಗೆ ಗೊತ್ತಿಲ್ಲ;
ಕೆಳಗೆ ಬಾಗಿಲ ಬಳಿ ಇಬ್ಬರೂ ಸಿಕ್ಕಾಗ
ಇವಳು ಇನ್ನೂ ಮದುವೆಯ ಉಡುಪಿನ ಮಾತೇ ಆಡುತ್ತಿರುತ್ತಾಳೆ.
ಕರೆಂಟು ಹೋಗಿ ಹನ್ನೊಂದು ಹನ್ನೆರಡರ ನಡುವೆ ಸಿಕ್ಕಿಕೊಂಡವರು
ಅದೇ ಹಾಳೆಯನ್ನು ಮೊಬೈಲಿನ ಬೆಳಕಲ್ಲಿ ಒಂಬತ್ತು ಸಲ ಓದಲಿ,
ಬೈಯುತ್ತ ಓದಲಿ.
ಎಲ್ಲಿ ಹತ್ತಿದೆಯೋ ಅಲ್ಲಿಂದ, ಎಲ್ಲಿ ಇಳಿದೆಯೋ ಅಲ್ಲಿಯವರೆಗೆ.

ಇದು ಕಾದಂಬರಿಯೋ, ಕಟ್ಟಡದ ನೋಟಿಸೋ?
ನೆಲಮಹಡಿಯ ಜೌರಿ ಲಿಫ್ಟು ಹತ್ತುವುದೇ ಇಲ್ಲ.
ಓದುವವನು ಇಲ್ಲಿ ಅವನೊಬ್ಬನೇ,
ಕನ್ನಡಕಕ್ಕೆ ದಾರ ಕಟ್ಟಿಕೊಂಡು
ಹಳೆಯ ರೈಲ್ವೆ ಟೈಮ್‌ಟೇಬಲ್ಲನ್ನೂ ಬಿಡದವನು.
ಹತ್ತು ತೆತ್ರಿ ನಾನೇ ಹಾಕಿ ಕರೆಯಲೇ,
ಬಾ, ಸುಮ್ಮನೆ ಮೇಲೆ ಹೋಗಿ ಬರೋಣ ಎಂದು?
ಈ ವಯಸ್ಸಿನಲ್ಲಿ ಜನ ಏನೆಂದುಕೊಂಡಾರು.

ಮೊದಲು ಓವನ್ನಿನಲ್ಲಿರುವುದನ್ನು ತಿದ್ದು, ಅನ್ನುತ್ತದೆ ಬುದ್ಧಿ.
ದರೆಜಾನ್ ಇನ್ನೂರನೇ ಪುಟದಲ್ಲಿ ಎಡಚಿ,
ಮುನ್ನೂರರಲ್ಲಿ ಬಲಗೈಯಲ್ಲಿ ಹೊಲಿಯುತ್ತಾಳೆ.
ತಿದ್ದುತ್ತೇನೆ. ತಿದ್ದದೆ ಬಿಡುತ್ತೇನೆಯೇ.

ಆದರೂ ಇವತ್ತು ಒಂದು ಖಾಲಿ ಹಾಳೆ ಅಂಟಿಸಿ ಬಂದೆ,
ಎತ್ತರ ಸರಿಯಿದೆಯೇ ನೋಡಲು, ಅಷ್ಟೇ.
ಸಂಜೆ ಹೋಗಿ ನೋಡಿದರೆ
ಯಾರೋ ಮೀಸೆ ಬರೆದಿದ್ದಾರೆ, ಮುಖ ಬರೆದಿಲ್ಲ.
ಕೊಳಾಯಿ ರಿಪೇರಿಯವನ ನಂಬರು, ಒಂದು ಅಂಕಿ ಕಮ್ಮಿ.
ಕೆಳಗೆ, ಶಾಲೆಯ ದುಂಡು ಅಕ್ಷರದಲ್ಲಿ:
"ನಾಲ್ಕರಲ್ಲಿ ಬಲ್ಬು ಹೋಗಿ ತಿಂಗಳಾಯಿತು.
ಅಜ್ಜಿ ಗೋಡೆ ಸವರಿಕೊಂಡು ಬರುತ್ತಾಳೆ."

ಎರಡು ಸಲ ಓದಿದೆ.
ಮೂರನೆಯ ಸಲಕ್ಕೆ ನನ್ನ ಮಹಡಿ ಬಂದಿತ್ತು.
ಅಡುಗೆಮನೆಯ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡು
ಮೆಟ್ಟಿಲಲ್ಲಿ ಇಳಿದೆ.
ಬೆಚ್ಚಗಿತ್ತು ಇನ್ನೂ.