ಉಂಟಾ, ಇಲ್ವಾ

ಮಲ್ಪೆ ದಕ್ಕೆಯ ಸೊಸೈಟಿ ಆಫೀಸಿನಲ್ಲಿ
ಬೋಟುಗಳ ಲೆಕ್ಕಕ್ಕೆ ಪ್ರೋಗ್ರಾಂ ಬರೆದವಳು ನಾನೇ.
ಸಂಬಳ ಮಾತ್ರ ಕ್ಲಾರ್ಕಿನದ್ದು.
ಐಸ್ ಪ್ಲಾಂಟಿನ ಗಡಗಡದೊಳಗೆ, ರಾತ್ರಿ, ಕಲಿತ ಭಾಷೆ.

ಇದು ಜಾತಕ ಕೇಳುವುದಿಲ್ಲ. ಡಬ್ಬಿಗೊಂದು ಹೆಸರಿಟ್ಟರೆ ಸಾಕು,
ಬೆಳಿಗ್ಗೆ ಅದರಲ್ಲಿ ಅಂಕೆ, ಮಧ್ಯಾಹ್ನ ಅಕ್ಷರ,
ಸಂಜೆಗೆ ಏನೂ ಇಲ್ಲ, ಯಾರೂ ಬೈಯುವುದಿಲ್ಲ.
ಯಾವ ಡಬ್ಬಿಯನ್ನು ಎದುರು ನಿಲ್ಲಿಸಿದರೂ
ಸತ್ಯವಾ ಎಂದು ವಿಚಾರಿಸುವುದಿಲ್ಲ,
ನಮ್ಮ ಊರಿನವರ ಹಾಗೆ ಕೇಳುತ್ತದೆ: ಉಂಟಾ?

ಖಾಲಿ ಬುಟ್ಟಿ, ಇಲ್ಲ.
ಬರೆಯದೆ ಬಿಟ್ಟ ಹೆಸರು, ಇಲ್ಲ.
ಬುಟ್ಟಿಯೊಳಗೆ ಇನ್ನೊಂದು ಖಾಲಿ ಬುಟ್ಟಿ ಇಟ್ಟರೆ
ಉಂಟು ಅಂತು. ನಗು ಬಂತು ನನಗೆ.
ಚೀಟಿಯಲ್ಲಿ 'ಸುಳ್ಳು' ಎಂದು ಬರೆದು ಕೊಟ್ಟೆ,
ಅಕ್ಷರ ಉಂಟಲ್ಲ, ಹಾಗಾದರೆ ಹೌದು.
ಓದಲೇ ಇಲ್ಲ.
ಮೈನಸ್ ಒಂದೂ ಉಂಟು;
ಸಾಲ ಇದ್ದವನೂ ಇದ್ದಾನೆ ತಾನೆ.
ಸೊನ್ನೆ ಮಾತ್ರ ಇಲ್ಲ.

ನಾನು ಬರೆದ ಸಾಲು ಇಷ್ಟೇ:
ತೂಕ ಇದ್ದರೆ ಬೋಟು ಬಂತು, ಇಲ್ಲದಿದ್ದರೆ ಬಂದಿಲ್ಲ.
ಒಂದು ಸೀಸನ್ ಪೂರ್ತಿ ಯಾರಿಗೂ ತೊಂದರೆ ಆಗಲಿಲ್ಲ.
ಬರಿಗೈಯಲ್ಲಿ ಬರುವ ಬೋಟು ಯಾವುದು,
ಐದು ಕಿಲೋ ಬೂತಾಯಿಯಾದರೂ ಇರುತ್ತದೆ.

ಗಾಳಿ ಎದ್ದ ಶುಕ್ರವಾರ
ಗೋಡೆಯ ಪರದೆಯಲ್ಲಿ ಕೆಂಪಕ್ಷರ:
ಜಲದುರ್ಗಾ, ಬಂದಿಲ್ಲ.
ವಾರಿಜಕ್ಕ ಬುಟ್ಟಿಯನ್ನು ಏಲಂ ಕಟ್ಟೆಯಲ್ಲೇ ಬಿಟ್ಟು
ಪರದೆಯ ಕೆಳಗೆ ಕೂತರು. ಅಳಲಿಲ್ಲ.
ಸೆರಗಿನ ತುದಿ ಮಡಚಿದರು, ಬಿಡಿಸಿದರು, ಮಡಚಿದರು.
ಫೋನು ಹೋಗುವುದಿಲ್ಲ.
ನಾನು ರಿಫ್ರೆಶ್ ಒತ್ತುತ್ತಲೇ ಇದ್ದೆ,
ದೇವರ ಗಂಟೆ ಬಾರಿಸುವವಳ ಹಾಗೆ.

ಒಂಬತ್ತೂವರೆಗೆ ಬೋಜ ತಿಂಗಳಾಯರು ಬಾಗಿಲಲ್ಲಿ,
ತೊಡೆತನಕ ಒದ್ದೆ, ಕೈ ತುಂಬ ಗ್ರೀಸು.
"ನಾಲ್ಕಕ್ಕೇ ಬಂದೆವಲ್ಲ ಮಾರಾಯ್ತಿ,
ಆಚೆ ಬದಿ ಇಂಜಿನ್ ಬಿಚ್ಚುತ್ತಾ ಇದ್ದೆ.
ಫೋನು ಸಮುದ್ರಕ್ಕೆ ಹೋಯಿತು.
ತೂಕದವನಿಗೆ ಹೇಳಿದ್ದೆ, ಸೊನ್ನೆ ಬರಿ ಅಂತ."

ಬರೆದಿದ್ದ. ಸೊನ್ನೆ ಅಲ್ಲಿಯೇ ಇತ್ತು,
ಕಾಲಮ್ಮಿನಲ್ಲಿ, ದುಂಡಗೆ, ಬಾಯಿ ತೆರೆದುಕೊಂಡು.
ಕೇಳಿದವಳದ್ದು ತಪ್ಪು.

ವಾರಿಜಕ್ಕ ಗಂಡನ ತೋಳನ್ನೊಮ್ಮೆ ಅದುಮಿ ನೋಡಿ
ಬುಟ್ಟಿ ಹುಡುಕಿಕೊಂಡು ಹೋದರು.
ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ಸಾಲು ತಿದ್ದಿದೆ:
ತೂಕ 'ಏನೂ ಇಲ್ಲ' ಅಲ್ಲದಿದ್ದರೆ, ಬಂತು.
ಕನ್ನಡದಲ್ಲಿ ಹೇಳಿದರೆ ತಲೆ ತಿರುಗುತ್ತದೆ,
ಯಂತ್ರಕ್ಕೆ ಒಂದೇ ಸಲಕ್ಕೆ ತಿಳಿಯಿತು.
ಜಲದುರ್ಗಾ, ಬಂತು, ಸೊನ್ನೆ ಕಿಲೋ.
ಪಕ್ಕದ ಕಾಲಮ್ಮಿನಲ್ಲಿ ಡೀಸೆಲ್,
ಮುನ್ನೂರ ಹತ್ತು ಲೀಟರ್.
ಅದು ಮೊದಲಿನಿಂದಲೂ ಉಂಟು.