ಉತ್ತರ ಕೊಡಬಾರದು

ಶನಿವಾರ ರಾತ್ರಿ ಹತ್ತಕ್ಕೆ, ವೆಂಟ್ಸ್‌ಪಿಲ್ಸಿನ ಅಟ್ಟದಲ್ಲಿ
ವೆಲ್ಗಾ ರೇಡಿಯೋದ ಕಿವಿ ಹಿಂಡುತ್ತಾಳೆ.
ಏಳು ಜನ ಹವ್ಯಾಸಿಗಳು, ಏಳು ಊರು;
ಆಂಟೆನಾ, ಹಿಮ, ಮಂಡಿನೋವಿನ ಮಾತು.

ಅಷ್ಟರಲ್ಲಿ ಅವನು. ಹೆಸರಿಲ್ಲ, ಊರಿಲ್ಲ.
ಮೊದಲು ಶಿಳ್ಳೆ, ಆಮೇಲೆ
“ಮುದಿ ಗೂಬೆ, ಮುಚ್ಚು ಬಾಯಿ.”

ಉತ್ತರ ಕೊಡಬಾರದು: ಐವಾರ್ಸ್ ಮಾಡಿದ ನಿಯಮ.
ಕೊಡಲಿಲ್ಲ. ಕೈಯಲ್ಲಿದ್ದ ಉಣ್ಣೆಯ ಕಾಲುಚೀಲ
ಎರಡು ಸಾಲು ಬೆಳೆಯಿತು.
(ಒಮ್ಮೆ ಕೊಟ್ಟಿದ್ದಳು; ವಾರವಿಡೀ ಬಾಯಿ ಕಹಿ.)

ಆದರೆ ಕಿವಿಗೆ ಯಾರ ನಿಯಮ?
ಬೈಗುಳದ ಹಿಂದೆ ಕೆಟಲ್ ಒಂದು ಕೂಗುತ್ತಿತ್ತು,
ಇಳಿಸುವವರಿಲ್ಲದೆ, ಬಹಳ ಹೊತ್ತು.

ಮೂರು ಶನಿವಾರದಿಂದ ಗಾಳಿ ನಿಚ್ಚಳ.
ಎಲ್ಲರೂ ಹಗುರ.
ಎಲ್ಲರೂ ಮಲಗಿದ ಮೇಲೆ ವೆಲ್ಗಾ
ಗುಂಡಿಯನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿ,
ಮಾತಿನ ಕೀಲಿ ಒತ್ತದೆ, ಕೇಳುತ್ತಾಳೆ:
ನೀರು ಬತ್ತಿತೇನೋ, ಒಲೆ ಆರಿಸಿದೆಯಾ?